ಕಿಟಕಿಗೆ ಕಾಣುವ ಆಸ್ಪತ್ರೆ

ಮಾರ್ಚ್ ಹದಿನಾಲ್ಕು, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಸ್ಕೇಲಪ್ಪನವರು ಹಿಮ್ಮಡಿಯ ಹುಣ್ಣಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮನೆ ಬಿಟ್ಟರು. ನಗರಸಭೆಯ ನಕ್ಷೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾಗಿದ್ದರೂ ಜೇಬಿನ ಸ್ಕೇಲು ನಿವೃತ್ತಿಯಾಗಿರಲಿಲ್ಲ. ಬೀದಿಯವರು ಇಟ್ಟ ಹೆಸರೂ ಅದರದ್ದೇ.

ಹೊಸ ಆಸ್ಪತ್ರೆ ಅವರ ಕಿಟಕಿಗೇ ಕಾಣುತ್ತಿತ್ತು. ಬೋರ್ಡನ್ನು ಕನ್ನಡಕವಿಲ್ಲದೆ ಓದಬಹುದಿತ್ತು. ಆದರೆ ನಡುವೆ ಸೇತುವೆಯಿಲ್ಲದ ಕಾಲುವೆ. ಕನ್ನಡಿಯೊಳಗಿನ ಗಂಟು! ಊರೆಲ್ಲ ಸುತ್ತಿ ಹೋಗಿ ಬರುವಷ್ಟರಲ್ಲಿ, ಅಲ್ಲಿ ಕಟ್ಟಿದ ಗಾಯ ಇಲ್ಲಿ ಮತ್ತೆ ಬಾಯಿ ಬಿಡುತ್ತಿತ್ತು. “ನಡೀಲೇಬೇಡಿ” ಎನ್ನುವವರೂ ಡಾಕ್ಟರೇ, “ವಾರಕ್ಕೆರಡು ಸಲ ಬನ್ನಿ” ಎನ್ನುವವರೂ ಡಾಕ್ಟರೇ. ಹೀಗೇ ಆದರೆ ಪಾದ ಉಳಿಯುವುದಿಲ್ಲ ಎಂದು ಹೆದರಿಸಿದವರೂ ಅವರೇ.

ದೂರದವರ ಮನೆಗೆ ನರ್ಸನ್ನು ಕಳಿಸುವ ಯೋಜನೆಯೊಂದಿತ್ತು. ಅರ್ಜಿಗೆ ಇವತ್ತು ಹನ್ನೆರಡಕ್ಕೆ ಕೊನೆ. ರೋಗಿಯೇ ಖುದ್ದಾಗಿ ಆಸ್ಪತ್ರೆಗೆ ಬರಬೇಕು.

ತಿರುವಿನಲ್ಲಿ ಇಸ್ತ್ರಿಯವನು ತಡೆದ. “ಈ ಕಾಲಲ್ಲಿ ನಡೀತೀರಾ ಸಾರ್? ನನ್ನ ತಳ್ಳುಗಾಡಿ ಯಾಕಿದೆ, ಹತ್ತಿ!”

ಬಟ್ಟೆ ರಾಶಿಯ ಮೇಲೆ, ಬಟ್ಟೆ ಕೊಡಲು ಮನೆಮನೆಗೂ ನಿಲ್ಲುತ್ತ, ಸ್ಕೇಲಪ್ಪನವರ ಸವಾರಿ ಹೊರಟಿತು. ಮಾರುಕಟ್ಟೆಯ ಬಳಿ ಹೆಂಗಸೊಬ್ಬಳು ಅಡ್ಡ ಬಂದಳು.

“ನಮ್ಮೆಜಮಾನ್ರ ಶರ್ಟ್ ಮೇಲೆ ಕೂತಿದೀರಲ್ಲ ಅಣ್ಣಾ!”

“ಏಳಕ್ಕಾಗಲ್ಲಮ್ಮ, ಕಾಲು...”

“ಹಾಗಾದ್ರೆ ಆ ಕಡೆ ಹೊರಳಿ!”

ಹೊರಳಿದರು. ಆ ಕಡೆ ಇಸ್ತ್ರಿ ಪೆಟ್ಟಿಗೆಯಿತ್ತು. ಕೆಂಡ ಇನ್ನೂ ಆರಿರಲಿಲ್ಲ.

ಹನ್ನೊಂದು ಐವತ್ತಕ್ಕೆ, ಕೂರಲೂ ಆಗದೆ ನಿಲ್ಲಲೂ ಆಗದೆ, ಅವರು ಆಸ್ಪತ್ರೆಯ ಗುಮಾಸ್ತೆಯ ಮೇಜು ಹಿಡಿದು ವಾಲಿಕೊಂಡರು.

“ಸುತ್ತಿ ಬಂದ್ರೆ ಮೂರೂವರೆ ಕಿಲೋಮೀಟರ್ ತಾಯಿ. ಚಕ್ರದ ಸುತ್ತು ಎಣಿಸ್ಕೊಂಡೇ ಬಂದಿದೀನಿ.”

“ಒಂದು ಕಿಲೋಮೀಟರ್ ದಾಟಿದ್ರೆ ಸಾಕು ತಾತ, ನರ್ಸ್ ಬರ್ತಾರೆ,” ಎನ್ನುತ್ತ ಆಕೆ ಕಡತ ಬಿಚ್ಚಿದಳು. “ಅಯ್ಯೋ, ನಿಮ್ಮ ಬೀದಿ ಹತ್ತಿರದ್ದು ಅಂತಿದೆ. ಆಸ್ಪತ್ರೆ ಕಟ್ಟೋಕೆ ಈ ಜಾಗಕ್ಕೆ ಒಪ್ಪಿಗೆ ಸಿಕ್ಕಿದ್ದೇ ಈ ಅಳತೆ ಮೇಲೆ.”

“ಯಾವ ಕತ್ತೆ ಅಳೆದದ್ದು? ಕಾಲುವೆ ಹಾರಿ ಬರೋಕೆ ನಾನೇನು ಕಾಗೆನಾ?”

ಆಕೆ ನಕ್ಷೆಯನ್ನು ಅವರತ್ತ ತಿರುಗಿಸಿದಳು. ಅವರ ಬೀದಿಯಿಂದ ಆಸ್ಪತ್ರೆಗೆ ಒಂದು ಕೆಂಪು ಗೆರೆ. ಕಾಲುವೆಗೂ ಜಗ್ಗದೆ ಬಾಣದಂತೆ ಸಾಗಿತ್ತು. ಕೆಳಗೆ ಸ್ಕೇಲಪ್ಪನವರದೇ ಸಹಿ.

ಇಸ್ತ್ರಿಯವನು ಹೆಗಲ ಮೇಲಿಂದ ಇಣುಕಿದ. “ಗೆರೆ ಮಾತ್ರ ಭಾರಿ ನೇರವಾಗಿದೆ ಸಾರ್.”

ಗಡಿಯಾರ ಹನ್ನೆರಡು ಹೊಡೆಯಿತು. ಸ್ಕೇಲಪ್ಪನವರು ಜೇಬಿನಿಂದ ಸ್ಕೇಲು ತೆಗೆದು ಮತ್ತೊಮ್ಮೆ ಅಳೆದರು. ಒಂದಿಷ್ಟೂ ತಪ್ಪಿರಲಿಲ್ಲ: ಇನ್ನೂರ ಹನ್ನೆರಡು ಮೀಟರ್.