ನಾಲ್ಕು ಬೆರಳು ಹೆಚ್ಚಿನ ಆಕಾಶ

ಜಗತ್ತಿನ ವಿಮಾನ ಸಂಚಾರವನ್ನೆಲ್ಲ ನಡೆಸುವವನು ನನ್ನ ಷಡ್ಡಕ. ವಿಮಾನ ಮಾತ್ರ ಒಮ್ಮೆಯೂ ಹತ್ತಿಲ್ಲ! ವಿಮಾನವಿರಲಿ, ಮಾಳಮಡ್ಡಿಯ ತನ್ನ ಮನೆಯ ಮಾಳಿಗೆ ಏರಿದರೂ ಅವನಿಗೆ ತಲೆ ತಿರುಗುತ್ತದೆ.

ಮೂವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಅರಿವೆ ಅಳೆದ ಕೈ ಅದು. ಅಂಗಡಿ ಬಿಟ್ಟ ಮೇಲೆ ಅಳೆಯಲು ಭೂಮಂಡಲವೇ ಬೇಕಾಯಿತು. ಒಂದು ರಟ್ಟಿನ ಗ್ಲೋಬು, ಎರಡು ಗುಂಡುಪಿನ್ನು, ಒಂದೆಳೆ ದಾರ. ಯಾವ ಎರಡು ಊರು ಹೇಳಿದರೂ ಪಿನ್ನು ಚುಚ್ಚಿ, ದಾರ ಎಳೆದು, ಎಷ್ಟು ಕಿಲೋಮೀಟರು, ಎಷ್ಟು ತಾಸು ಎಂದು ಅಪ್ಪಣೆ ಕೊಡಿಸುತ್ತಾನೆ. ಗಿರಾಕಿಗೆ ನಾಲ್ಕು ಬೆರಳು ಅರಿವೆ ಹೆಚ್ಚು ಬಿಡುವ ಹಳೆಯ ಚಟ ಬೇರೆ! ಮೊದಮೊದಲು ದಾರಕ್ಕೂ ನಾಲ್ಕು ಬೆರಳು ಸೇರಿಸುತ್ತಿದ್ದ. ಗ್ಲೋಬಿನ ಮೇಲೆ ನಾಲ್ಕು ಬೆರಳೆಂದರೆ ಸಣ್ಣದೇ? ದುಬೈಗೆ ಹೊರಟ ನೆರೆಯವರನ್ನು ಈಜಿಪ್ಟಿನ ಆಚೆ ಇಳಿಸಿಬಿಟ್ಟ. ಅಂದಿನಿಂದ ದೂರಕ್ಕೆ ಸೇರಿಸುವುದು ಬಿಟ್ಟು, ವೇಳೆಗೆ ಅರ್ಧ ತಾಸು ಸೇರಿಸುತ್ತಾನೆ.

ನನ್ನ ಸಂಕಟ ಕೇಳಿ. ನಾನು ಎರಡು ಸಲ ದಿಲ್ಲಿಗೆ ಹಾರಿ ಬಂದವನು. ಅನುಭವಸ್ಥ! ಒಬ್ಬರಾದರೂ ನನ್ನನ್ನು ಕೇಳಬೇಡವೇ? ಉಣಕಲ್ಲಿನಲ್ಲಿ, ನನ್ನದೇ ಮನೆಯ ಗೃಹಪ್ರವೇಶದಲ್ಲಿ, ಬೀಗರೊಬ್ಬರು "ಮುಂಬೈಯಿಂದ ಲಂಡನ್ ಎಷ್ಟ್ ತಾಸರಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನನ್ನು ದಾಟಿ ಷಡ್ಡಕನ ಪಕ್ಕ ಕುಳಿತಾಗಿತ್ತು.

"ಏಳ್ ಸಾವಿರದ ಇನ್ನೂರು ಕಿಲೋಮೀಟರ್ ರೀ. ಒಂಬತ್ತೂವರಿ ತಾಸು, ಹತ್ತು ಹಿಡೀರಿ. ಬರೂ ಮುಂದ ಗಾಳಿ ಬೆನ್ನಿಗಿರತೈತಿ, ಲಗೂ ಬರ್ತೀರಿ."

"ನಾ ದಿಲ್ಲಿಗೆ ಹೋದಾಗ..." ಎಂದೆ.

"ತಡೀರಿ ಬೀಗ್ರ, ತಿಳದಾವ್ರು ಹೇಳಾಕತ್ತಾರ," ಎಂದು ಬೀಗರು ನನ್ನನ್ನೇ ತಡೆದರು.

ನನ್ನ ಮನೆ, ನನ್ನ ಹೋಳಿಗೆ, ಅವನ ಆಕಾಶ!

ದೇವರಿದ್ದಾನೆ. ಈ ವರ್ಷ ಲಂಡನ್ನಿನ ಕನ್ನಡಿಗರು ವಚನ ಹಾಡಲು ನನ್ನಾಕೆಯನ್ನು ಕರೆದರು. ತಂಬೂರಿ ಹೊರಲು ನಾನು. ವಿಮಾನವೋ, ಲಂಡನ್ನಿನ ಮೇಲೆ ಗಿರಕಿ ಹೊಡೆದು ಹೊಡೆದು ಹನ್ನೊಂದು ತಾಸಿಗೆ ಇಳಿಯಿತು. ಎಲ್ಲರೂ ಶಪಿಸುತ್ತಿದ್ದರು, ನಾನೊಬ್ಬನೇ ಕೈಗಡಿಯಾರ ನೋಡಿ ನಗುತ್ತಿದ್ದೆ. ಅವನ ಲೆಕ್ಕ ತಪ್ಪಿತ್ತು!

ಊರಿಗೆ ಬಂದ ಮರುದಿನವೇ ಮಾಳಮಡ್ಡಿಗೆ ಧಾವಿಸಿ ಹೊಸ್ತಿಲಲ್ಲೇ ಘೋಷಿಸಿದೆ: "ಹನ್ನೊಂದು ತಾಸು!"

"ಗೊತ್ತೈತ್ರಿ ಮಾಮಾರ," ಎಂದಳು ನಾದಿನಿ ಒಳಗಿನಿಂದ. "ಹತ್ತು ತಾಸು ಆದ್ರೂ ಅಕ್ಕನ ಫೋನ್ ಬರಲಿಲ್ಲ. ಇವರು ಗ್ಲೋಬಿನ ಮುಂದಿಂದ ಏಳವಲ್ರು, ತಾಟಿನ್ಯಾಗಿನ ರೊಟ್ಟಿ ಮುರೀವಲ್ರು. 'ಅವರಿನ್ನಾ ಮ್ಯಾಲ ಅದಾರ, ನಾ ಹ್ಯಾಂಗ ಉಣ್ಲಿ?' ಅಂತ! ಅಕ್ಕ ಇಳದು ಫೋನ್ ಮಾಡಿದ ಮ್ಯಾಲ ಉಂಡ್ರು."

ಷಡ್ಡಕ ಅಪರಾಧಿಯಂತೆ ನಿಂತಿದ್ದ. "ಅರ್ಧ ತಾಸು ಸಾಲಲಿಲ್ರಿ ಅಣ್ಣಾರ. ಇನ್ನಷ್ಟು ಹಿಡೀಬೇಕಿತ್ತು."

ಮುಂಬೈಗೂ ಲಂಡನ್ನಿಗೂ ನಡುವೆ ದಾರ ಇನ್ನೂ ಬಿಗಿಯಾಗಿತ್ತು.

"ಇದನ್ಯಾಕ ಬಿಚ್ಚಿಲ್ಲೋ?"

"ನೀವು ಮನಿ ಮುಟ್ಟಿದ್ದು ಕಣ್ಣಾರೆ ನೋಡೂತನಕ ಬಿಚ್ಚಬಾರ್ದಂತ..." ಎಂದು ಪಿನ್ನು ಕಿತ್ತ. ದಾರವನ್ನು ಬೆರಳಿಗೆ ಸುತ್ತುತ್ತ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ. "ಅಣ್ಣಾರ, ನೀವು ಹೋಗಿ ಬಂದಾವ್ರು. ಮ್ಯಾಲಿಂದ ಹ್ಯಾಂಗ ಕಾಣತೈತ್ರಿ?"

ಕೊನೆಗೂ ಒಬ್ಬರು ನನ್ನನ್ನು ಕೇಳಿದ್ದರು! ನಾನೋ, ಹನ್ನೊಂದು ತಾಸು ಗಡಿಯಾರ ಬಿಟ್ಟು ಕಿಟಕಿಯ ಕಡೆ ಕತ್ತು ತಿರುಗಿಸಿರಲಿಲ್ಲ.

"ನಿನ್ನ ಗ್ಲೋಬ್ ಹ್ಯಾಂಗೈತಿ, ಥೇಟ್ ಹಂಗ ಐತೋ," ಎಂದೆ. "ದಾರ ಒಂದ ಕಾಣಂಗಿಲ್ಲ."

ನಾಲ್ಕು ಬೆರಳು ಹೆಚ್ಚೇ ಬಿಟ್ಟೆ.