ಕುಚ್ಚಲಕ್ಕಿಗೆ ಮೂರೇ ವಿಸಿಲ್

ಮಣಿಪಾಲದ ಒಂದು ಲೇಡೀಸ್ ಹಾಸ್ಟೆಲಿನ ವಾರ್ಡನ್ ನಾನು. ಡಿಗ್ರಿ, ಕೆಲಸ ಎರಡೂ ಇರುವ ಹುಡುಗಿಯರೇ ಇಲ್ಲಿರುವುದು. ಆದರೂ ನನ್ನ ಸಿಟ್ಟು ನೆತ್ತಿಗೇರದ ವಾರವಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಲಂಗ ತೊಡುವ ವಯಸ್ಸಿನಲ್ಲೇ ಕಲಿಸಿದ್ದನ್ನು ಇವರಿಗೆ ಇನ್ನೂ ಯಾರೂ ಕಲಿಸಿಲ್ಲ. ಕಾರ್ಕಳದಿಂದ ಬಂದ ಹೊಸ ಹುಡುಗಿಯನ್ನೇ ನೋಡಿ. "ಒಬ್ಬಳೇ ಇರಲಿಕ್ಕೆ ಆಗದಿದ್ದರೆ ಕೆಲಸ ಬಿಡಿಸಿ ಕರೆದುಕೊಂಡು ಹೋಗುತ್ತೇನೆ" ಎಂದು ಅವಳಪ್ಪ ನನ್ನೆದುರೇ ಹೇಳಿದ್ದರು. ಅದನ್ನು ನೋಡಲೆಂದೇ ಭಾನುವಾರ ಹೆಂಡತಿಯ ಜೊತೆ ಮಗಳ ಕೈಯಡುಗೆ ಉಣ್ಣಲು ಬರುವವರಿದ್ದರು. ಅವಳಿಗೋ ಆ ಕೆಲಸವೆಂದರೆ ಪ್ರಾಣ.

ತಾನಾಗಿ ಏಳುವುದು

ಆ ವಾರವೇ ಒಂದು ಬೆಳಿಗ್ಗೆ ಅವಳ ತಾಯಿಯ ಫೋನ್ ನನಗೆ.

"ಮೇಡಂ, ಮಗಳು ಫೋನ್ ತೆಗೆಯುವುದಿಲ್ಲ. ಸ್ವಲ್ಪ ಎಬ್ಬಿಸ್ತೀರಾ? ಆಫೀಸಿಗೆ ತಡ ಆಗ್ತದೆ."

ಮಂಡಿನೋವಿನಲ್ಲಿ ಮಾಳಿಗೆ ಹತ್ತಿ ಬಾಗಿಲು ಬಡಿದೆ. ಕಣ್ಣುಜ್ಜುತ್ತಾ ತೆರೆದಳು.

"ಫೋನಿಗೆ ಎಂತ ಆಗಿದೆ?"

"ಆಫ್ ಮಾಡಿದ್ದೇನೆ ಮೇಡಂ. ಬೆಳಿಗ್ಗೆ ಬೆಳಿಗ್ಗೆ ಅಮ್ಮ ಫೋನ್ ಮಾಡಿ ನಿದ್ದೆ ಹಾಳು ಮಾಡ್ತಾರೆ."

ಬೇಡ ಎನ್ನುವುದು

ಭಾನುವಾರ ಉಡುಪಿಯ ಮಾರ್ಕೆಟಿಗೆ ಬಂಗುಡೆ ಮೀನು ತರಲು ಹೋದವಳು ಬಿಸಿಲೇರಿದರೂ ಬರಲಿಲ್ಲ. ನಾನೇ ಫೋನ್ ಮಾಡಿದೆ.

"ಮೀನು ಮಾರುವ ಅಮ್ಮ, ಚಾ ಕುಡಿದು ಬರ್ತೇನೆ, ಬುಟ್ಟಿ ನೋಡಿಕೋ ಅಂದರು ಮೇಡಂ. ಬೇಡ ಅಂದರೆ ಬೇಜಾರಾಗ್ತದೆ ಅಲ್ವಾ?"

"ಒಂದು ಚಾ ಕುಡಿಯಲಿಕ್ಕೆ ಇಷ್ಟು ಹೊತ್ತಾ?"

"ಅವರು ಆಗಲೇ ಬಂದರು. ಈಗ ಪಕ್ಕದ ಬುಟ್ಟಿಯವರು ಹೋಗಿದ್ದಾರೆ."

ಅನ್ನ ಬೇಯಿಸುವುದು

ಮೀನಿನ ಸಾರು ಹೇಗೋ ಆಯಿತು. ಅನ್ನಕ್ಕೆ ಫೋನಿನಲ್ಲಿ ವಿಡಿಯೊ ನೋಡಿದಳು: ಕುಕ್ಕರಿನಲ್ಲಿ ಮೂರು ವಿಸಿಲ್. ವಿಡಿಯೊದವರದ್ದು ಬೇಗ ಬೇಯುವ ಬೆಳ್ತಿಗೆ ಅಕ್ಕಿ, ಇವಳು ಹಾಕಿದ್ದು ಕುಚ್ಚಲಕ್ಕಿ. ಗಂಟೆಗಟ್ಟಲೆ ಕುದಿಯಬೇಕಾದ ಅಕ್ಕಿ! ಹುಟ್ಟಿದಾಗಿನಿಂದ ಅದನ್ನೇ ಉಂಡವಳು, ಒಮ್ಮೆಯಾದರೂ ಒಲೆಯ ಕಡೆ ಇಣುಕಬಾರದೇ?

ಅಪ್ಪ ಒಂದು ತುತ್ತು ಬಾಯಿಗಿಟ್ಟರು. ಕಟಕ್ಕೆಂದಿತು.

"ಇದು ಅನ್ನವಾ, ಜಲ್ಲಿಯಾ? ಸಾಕು, ಬಟ್ಟೆ ಕಟ್ಟು. ಕಾರ್ಕಳಕ್ಕೆ ಹೋಗುವ."

ಹುಡುಗಿಯ ಕಣ್ಣು ತುಂಬಿತು. "ಎಷ್ಟು ಹೊತ್ತು ಬೇಯಿಸಬೇಕಿತ್ತು ಅಪ್ಪಾ?" ಎಂದು ಕೇಳಿದಳು.

ಅಪ್ಪ ನನ್ನ ಕಡೆ ನೋಡಿದರು, ನಾನು ಹೇಳಿಕೊಡಲಿಲ್ಲ. ಹೆಂಡತಿಯ ಕಡೆ ತಿರುಗಿದರು.

"ನನ್ನನ್ನೆಂತ ನೋಡುವುದು? ಮಗಳು ಕೇಳಿದ್ದು ನಿಮ್ಮನ್ನು."

ಅಪ್ಪ ತಲೆ ತಗ್ಗಿಸಿ ಜಲ್ಲಿಯನ್ನೇ ಜಗಿಯತೊಡಗಿದರು. ಬಟ್ಟೆ ಕಟ್ಟುವ ಮಾತು ಮತ್ತೆ ಬರಲಿಲ್ಲ.

ಹೊರಡುವಾಗ ತಾಯಿ ನನ್ನ ಕೈ ಹಿಡಿದುಕೊಂಡರು.

"ಮೇಡಂ, ಇವಳು ಇಲ್ಲೇ ಇದ್ದು ಕಲಿಯಲಿ. ಇವಳದ್ದು ಮುಗಿದ ಮೇಲೆ ಇವರನ್ನೂ ಸ್ವಲ್ಪ ದಿನ ಇಟ್ಟುಕೊಳ್ತೀರಾ?"