ಕೊನೇ ಸುತ್ತಿನ ಗಂಟೆ

ನಮ್ಮ ಮಾವನಷ್ಟು ದೂರ ಹೋದವರು ನಮ್ಮ ವಂಶದಲ್ಲೇ ಇಲ್ಲ. ಆದರೆ ಅವರು ತಲುಪಿದ್ದು ಮಾತ್ರ ಯಾವಾಗಲೂ ಹೊರಟ ಜಾಗಕ್ಕೇ! ಒಗಟು ಹೇಳುತ್ತಿಲ್ಲ ಮಾರಾಯರೇ. ಅಮ್ಮನ ಅಣ್ಣನಾದ ಈ ಮಹಾನುಭಾವರು ಹರೆಯದಲ್ಲಿ ಸೈಕಲ್ ರೇಸಿನವರು. ಅದೂ ಹವ್ಯಾಸಕ್ಕಲ್ಲ, ಸಂಬಳಕ್ಕೆ! ದೊಮ್ಮಲೂರು ಇನ್ನೂ ಹಳ್ಳಿಯಾಗಿದ್ದ ಕಾಲ. ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುವವರನ್ನು ಊರು ಕಂಡಿತ್ತು. ಸೈಕಲ್ ತುಳಿಯುವುದೇ ಕೆಲಸ ಎನ್ನುವವರನ್ನು ಕಂಡದ್ದು ಅದೇ ಮೊದಲು.

ಸಂಬಳ ಕೊಡುತ್ತಿದ್ದವರು ಶಿವಾಜಿನಗರದ ಸೈಕಲ್ ಅಂಗಡಿಯ ಸಾಹೇಬರು. ಅಂಗಡಿಯ ಹೆಸರು ಬರೆದ ಬನಿಯನ್ ತೊಟ್ಟು ರೇಸ್ ಗೆಲ್ಲುವುದು ಮಾವನ ನೌಕರಿ. ನೌಕರಿಯ ಷರತ್ತನ್ನು ಸಾಹೇಬರು ಮೊದಲ ದಿನವೇ ಹೇಳಿದ್ದರಂತೆ: "ಅರೆ ಬೇಟಾ, ಸುಮ್ನೆ ತುಳಿ. ಗೆದ್ರೆ ನನ್ ಅಂಗ್ಡಿ ಹೆಸ್ರು ಹೇಳು, ಬಿದ್ರೆ ನಿಮ್ಮಪ್ಪನ ಹೆಸ್ರು ಹೇಳು!"

ಒಂದು ವಾರ ರಸ್ತೆ ರೇಸು. ಹಲಸೂರಿನಿಂದ ಹೊರಟು, ಕೆ.ಆರ್. ಪುರ ದಾಟಿ, ಹೊಸಕೋಟೆ ಮುಟ್ಟಿ ವಾಪಸ್ಸು. ಇನ್ನೊಂದು ವಾರ ಮೈದಾನದಲ್ಲಿ ಸುಣ್ಣದ ಗೆರೆ ಎಳೆದ ದುಂಡನೆಯ ಟ್ರ್ಯಾಕು, ಅದರಲ್ಲಿ ಗಾಣದ ಎತ್ತಿನ ಹಾಗೆ ಸುತ್ತೋ ಸುತ್ತು. ಟ್ರ್ಯಾಕಿನ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲ, ಗೊತ್ತಾ ನಿಮಗೆ? ಕೇಳಿದ ಕೂಡಲೇ ಮಾವನನ್ನು ತಡೆದು ಪ್ರಶ್ನೆ ಹಾಕಿದ್ದೆ.

"ಬ್ರೇಕ್ ಇಲ್ದೆ ಹೇಗ್ ಮಾವ ನಿಲ್ಲಿಸ್ತಿದ್ರಿ?"

"ನಿಲ್ಸೋದಕ್ಕೆ ಯಾರಾದ್ರೂ ರೇಸಿಗೆ ಹೋಗ್ತಾರೇನೇ?"

ಇಂಥವರಿಗೆ ಹೆಣ್ಣು ಕೊಡುವವರು ಯಾರು? ಹೆಣ್ಣು ನೋಡಲು ಲಿಂಗರಾಜಪುರಕ್ಕೆ ಹೋದಾಗ ಹುಡುಗಿಯ ಅಪ್ಪ ಕನ್ನಡಕ ಸರಿಮಾಡಿಕೊಂಡು ವಿಚಾರಣೆಗೆ ಕೂತರಂತೆ. "ಹುಡುಗನಿಗೆ ಏನ್ ಕೆಲಸ?" "ಸೈಕಲ್ ತುಳಿಯೋದು." "ಅದು ಸರಿ ಕಣಪ್ಪ, ತುಳ್ಕೊಂಡು ಎಲ್ಲಿಗೆ ಹೋಗ್ತೀಯ?" "ಎಲ್ಲಿಂದ ಹೊರಡ್ತೀನೋ ಅಲ್ಲಿಗೇ ವಾಪಸ್ ಬರ್ತೀನಿ, ಸಾರ್." ಆ ಯಜಮಾನರು ಬಾಗಿಲು ತೋರಿಸುವವರಿದ್ದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ನಕ್ಕವರೇ ನಮ್ಮ ಅತ್ತೆ. ವಾಪಸ್ ಬರುತ್ತೇನೆಂದು ಮದುವೆಗೆ ಮುಂಚೆಯೇ ಮಾತು ಕೊಡುವ ಗಂಡು ಇನ್ನೆಲ್ಲಿ ಸಿಕ್ಕಾನು ಎಂದು ಅಪ್ಪನ ಹತ್ತಿರ ಹಟ ಹಿಡಿದು ಒಪ್ಪಿಸಿದರಂತೆ.

ರೇಸಿನಿಂದ ಮಾವ ಎರಡು ಚಟಗಳನ್ನು ಮನೆಗೆ ತಂದರು. ಒಂದು, ಗಾಳಿಮರೆ. ಎದುರುಗಾಳಿಯಲ್ಲಿ ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ತುಳಿದರೆ ಅರ್ಧ ಶಕ್ತಿ ಉಳಿಯುತ್ತದಂತೆ, ಸರದಿಯ ಮೇಲೆ ಒಬ್ಬೊಬ್ಬರು ಮುಂದೆ ಹೋಗಿ ಗಾಳಿ ತಡೆಯಬೇಕಂತೆ. ಅದಕ್ಕೇ ಪೇಟೆಗೆ ಹೊರಟರೂ ಮಾವ ಅತ್ತೆಯ ಹಿಂದೆಯೇ ನಡೆಯುವವರು. ಅತ್ತೆಯೂ ಸ್ವಲ್ಪ ದಷ್ಟಪುಷ್ಟ, ಮರೆ ಚೆನ್ನಾಗಿ ಸಿಗುತ್ತಿತ್ತು. "ಹೆಂಡ್ತೀನ ಮುಂದೆ ಬಿಟ್ಟು ಹಿಂದೆ ಅಡಗ್ಕೊಂಡು ಬರೋ ಗಂಡಸು ಇಡೀ ಹಲಸೂರಿಗೆ ಇವರೊಬ್ರೇ ನೋಡು," ಎಂದು ಅತ್ತೆ ಬೈದರೆ, "ಸರದಿ ಬಂದಾಗ ನಾನೂ ಮುಂದೆ ಹೋಗ್ತೀನಿ ಬಿಡೇ," ಎನ್ನುವರು. ಆ ಸರದಿ ಮಾತ್ರ ಬಂದದ್ದನ್ನು ನಾನು ಕಂಡಿರಲಿಲ್ಲ.

ಇನ್ನೊಂದು, ಗಂಟೆ. ಟ್ರ್ಯಾಕ್ ರೇಸಿನಲ್ಲಿ ಇನ್ನೊಂದೇ ಸುತ್ತು ಬಾಕಿ ಎನ್ನುವಾಗ ಗಂಟೆ ಹೊಡೆಯುತ್ತಾರೆ. ಕೇಳಿದ ಕೂಡಲೇ ಉಳಿದ ಉಸಿರನ್ನೆಲ್ಲ ಸುರಿದುಬಿಡಬೇಕು, ಆಮೇಲೆ ಮುಗೀತು. ಸಾಹೇಬರು ಅಂಗಡಿ ಮುಚ್ಚಿದಾಗ ನೆನಪಿಗೆಂದು ಅಂಥದ್ದೊಂದು ಪುಟ್ಟ ಕಂಚಿನ ಗಂಟೆಯನ್ನು ಮಾವನಿಗೆ ಕೊಟ್ಟರು. ಕೊಟ್ಟಿದ್ದೇ ತಪ್ಪಾಯಿತು! ಅದು ಅವರ ಜುಬ್ಬದ ಜೇಬು ಬಿಟ್ಟಿದ್ದಿಲ್ಲ. ಬಂದ ನೆಂಟರು ಹೊಸಿಲ ಮೇಲೆ ನಿಂತು ಮಾತು ಬೆಳೆಸಿದರೆ, ಢಣಢಣ! "ಕೊನೇ ಸುತ್ತು!" ನನ್ನ ನಿಶ್ಚಿತಾರ್ಥದಲ್ಲಿ ಹಿರಿಯರೊಬ್ಬರು ಮೈಕು ಹಿಡಿದು ದಾಂಪತ್ಯದ ಬಗ್ಗೆ ಕೊರೆಯತೊಡಗಿದರು. ಬಿಸಿಬೇಳೆಬಾತು ಆರುತ್ತಿತ್ತು. ಮಾವನ ಕೈ ಜೇಬಿಗೆ ಹೋಯಿತು. ಹಿರಿಯರು ಗಾಬರಿಯಾಗಿ "ನಮಸ್ಕಾರ" ಎಂದು ಕೂತರು, ಛತ್ರವೆಲ್ಲ ಚಪ್ಪಾಳೆ. ಅದು ತಮ್ಮ ಭಾಷಣಕ್ಕೇ ಬಿದ್ದದ್ದೆಂದು ಪಾಪ, ಅವರು ಈಗಲೂ ಹೇಳಿಕೊಂಡು ತಿರುಗುತ್ತಾರೆ.

ಹೀಗೇ ನಗುನಗುತ್ತಾ ಇದ್ದ ಮನೆಯಲ್ಲಿ ಈ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. "ಇನ್ನು ದಿನಾ ನಡೆಸಿ. ಈಗ ಮಲಗಿಬಿಟ್ರೆ ಆಮೇಲೆ ಏಳೋದೇ ಕಷ್ಟ," ಎಂದರು ಡಾಕ್ಟರು. ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. "ನನ್ ಕೈಲಾಗಲ್ಲ. ಇಷ್ಟೇ ನನ್ ಋಣ." ನಾವೆಲ್ಲ ಬೇಡಿಕೊಂಡೆವು, ಗದರಿದೆವು. ಊಹೂಂ! ಮಾವನ ಗಂಟೆ ಮಾತ್ರ ಆ ದಿನಗಳಲ್ಲಿ ಜೇಬಿನಿಂದ ಹೊರಗೇ ಬರಲಿಲ್ಲ. ಅದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು.

ಒಂದು ಬೆಳಿಗ್ಗೆ ನಾನು ಹೋದಾಗ ನಡುಮನೆಯ ಕುರ್ಚಿಗಳೆಲ್ಲ ವರಾಂಡದಲ್ಲಿದ್ದವು. ಮಾವ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಊಟದ ಮೇಜಿನ ಸುತ್ತ ಅತ್ತೆಯ ರಂಗೋಲಿ ಪುಡಿಯಲ್ಲಿ ಟ್ರ್ಯಾಕು ಎಳೆಯುತ್ತಿದ್ದರು. ಮೈದಾನದಲ್ಲಿ ಸುಣ್ಣದಲ್ಲಿ ಎಳೆಯುತ್ತಿದ್ದರಲ್ಲ, ಅದೇ ಥರ! ಗೆರೆಯೋ, ಹಾವು ಹರಿದ ಹಾಗಿತ್ತು. ಕೋಣೆಯ ಬಾಗಿಲು ತೆರೆದಿತ್ತು. ಮಂಚದಿಂದ ಕತ್ತೆತ್ತಿ ನೋಡಿದ ಅತ್ತೆಗೆ ತಡೆಯಲಾಗಲಿಲ್ಲ.

"ಥೂ, ಏನ್ರೀ ಅದು! ಅಷ್ಟು ಸೊಟ್ಟಕ್ಕಾ ಎಳೆಯೋದು? ಪುಡಿಯೆಲ್ಲ ಹಾಳು!"

"ನಂಗೆ ಇಷ್ಟೇ ಬರೋದು. ಬರೋರು ಬಂದು ತೋರಿಸ್ಲಿ."

ಅತ್ತೆ ಎದ್ದರು! ವಾಕರ್ ಹಿಡಿದು, ನರಳುತ್ತಾ, ಬೈಯುತ್ತಾ ಬಂದರು. ಗೆರೆ ಎಲ್ಲೆಲ್ಲಿ ಸೊಟ್ಟಗಿದೆಯೆಂದು ವಾಕರಿನಿಂದಲೇ ತೋರಿಸುತ್ತಾ ಮೇಜಿನ ಒಂದು ಸುತ್ತು ಬಂದದ್ದು ಅವರಿಗೇ ಗೊತ್ತಾಗಲಿಲ್ಲ.

ಅಂದಿನಿಂದ ಸಂಜೆ ಸಂಜೆ ಮನೆಯೊಳಗೇ ರೇಸು. ದಿನದ ಕಡೇ ಸುತ್ತಿಗೆ ಗಂಟೆ. ಕೆಳಗಿನ ಮನೆಯ ತಮಿಳಮ್ಮ ಮೆಟ್ಟಿಲಲ್ಲಿ ನನ್ನನ್ನು ತಡೆದು ಕೇಳಿಯೇಬಿಟ್ಟರು: "ಏನಮ್ಮಾ, ಡೈಲಿ ಮಂಗಳಾರತಿ ಸೌಂಡ್ ಬರುತ್ತೆ, ಪ್ರಸಾದ ಮಾತ್ರ ಬರಲ್ವೇ?"

ಕಳೆದ ಭಾನುವಾರ ಅತ್ತೆ ವಾಕರ್ ಬಿಟ್ಟು ಕೋಲು ಹಿಡಿದರು. ಕೆರೆ ಪಕ್ಕದ ಪಾರ್ಕಿನಲ್ಲಿ ಎರಡು ಸುತ್ತು ಹಾಕುವ ಆಸೆ. ಜೊತೆಗೆ ನಾನೂ ಹೋದೆ. ಕೆರೆಯ ಕಡೆಯಿಂದ ಒಳ್ಳೇ ಗಾಳಿ. ಮಾವ ಮೆಲ್ಲಗೆ ಅತ್ತೆಯನ್ನು ದಾಟಿ ಮುಂದೆ ಹೋದರು. ಜುಬ್ಬ ಅಗಲಿಸಿಕೊಂಡು, ಹೆಜ್ಜೆ ಹೆಜ್ಜೆಗೂ ತಿರುಗಿ ನೋಡುತ್ತಾ ನಡೆದರು. ಅತ್ತೆ ಅವರ ಬೆನ್ನ ಹಿಂದೆ, ಜುಬ್ಬದ ಅಂಚು ಹಿಡಿದುಕೊಂಡು.

ಒಂದು ಸುತ್ತು ಮುಗಿದು, ಹೊರಟ ಗೇಟು ಮತ್ತೆ ಕಣ್ಣಿಗೆ ಬಿತ್ತು. ರೂಢಿಯಂತೆ ಮಾವನ ಕೈ ಜೇಬಿಗೆ ಹೋಯಿತು.

"ಗಂಟೆ ಹೊಡೀಬೇಡ್ರೀ," ಎಂದರು ಅತ್ತೆ.

"ಯಾಕೇ? ಕೊನೇ ಸುತ್ತಲ್ವಾ?"

"ಅದಕ್ಕೇ ಹೇಳಿದ್ದು."

ಮಾವ ನಿಂತುಬಿಟ್ಟರು. ಅತ್ತೆಯ ಮುಖವನ್ನೇ ನೋಡಿದರು. ಆಮೇಲೆ ಗಂಟೆಯನ್ನು ತೆಗೆದು, ಸದ್ದಾಗದ ಹಾಗೆ ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದು, ನನ್ನ ಕೈಗಿಟ್ಟರು.

"ಇದನ್ನ ನಿಮ್ಮನೇಲಿ ಎಲ್ಲಾದ್ರೂ ಬಚ್ಚಿಟ್ಬಿಡೇ. ನಾನೇ ಬಂದು ಕೇಳಿದ್ರೂ ಕೊಡ್ಬೇಡ."

ಆಮೇಲೆ ಉಳಿದ ಸುತ್ತನ್ನೂ ಮುಗಿಸಿ, ಗೇಟು ದಾಟಿ ಇಬ್ಬರೂ ಮನೆಗೆ ಹೊರಟರು. ಮಾವ ಮುಂದೆ, ಅತ್ತೆ ಹಿಂದೆ.